ಮೀನಿಗೆ ಹಸಿವೆಂದುಕೊಂಡ ಬೆಳಗು

ಅಥವಾ ಆ ನೀರು ಹಸಿರೇ ಇರಲಿಲ್ಲವೇನೋ. ಹಿತ್ತಲ ತೊಟ್ಟಿ ಪಾಚಿಗಟ್ಟಿದಾಗಲೆಲ್ಲ ಅಕ್ಕನ ಊರು ಶೀಳನೆರೆಯ ಮೀನಿನ ಹೊಂಡ ನೆನಪಾಗುವುದರಿಂದ, ಇಂದಿನ ತೊಟ್ಟಿಯ ಬಣ್ಣವನ್ನೇ ನಾನು ತೊಂಬತ್ತರ ದಶಕದ ಆ ನೀರಿಗೆ ಬಳಿಯುತ್ತಿರಬಹುದು. ಓದುಗರೇ, ನನ್ನ ನೆನಪು ಸುಣ್ಣ ಬಳಿಯುವವನ ಹಾಗೆ. ಬಿರುಕನ್ನೇ ಮೊದಲು ಮುಚ್ಚುತ್ತದೆ.

ಹೊಂಡ ನನ್ನ ಅಕ್ಕನ ಗಂಡನದು. ಮನೆಯವರ ಕಬ್ಬಿನ ಗದ್ದೆಯನ್ನು ಅಗೆಸಿ ಕಾಟ್ಲಾ ಮೀನಿನ ಮರಿ ಬಿಟ್ಟಿದ್ದ ಭಾವ, ಈ ಸಲ ಮೀನು ಕೈಹತ್ತದಿದ್ದರೆ ಹೊಂಡ ಮುಚ್ಚಿಬಿಡುತ್ತೇನೆಂದು ಕಬ್ಬೇ ಸಾಕೆನ್ನುತ್ತಿದ್ದ ತಮ್ಮ ಸ್ವಂತ ತಮ್ಮನಿಗೆ ಮಾತು ಕೊಟ್ಟಿದ್ದರು. ಬೇಸಿಗೆಯುದ್ದಕ್ಕೂ ಬುಟ್ಟಿಗಟ್ಟಲೆ ಸಗಣಿ ಸುರಿದರು. ಸಗಣಿಯಿಂದ ನೀರಿನಲ್ಲಿ ಪ್ಲವಕ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಜೀವಿಗಳು, ಹೆಚ್ಚುತ್ತವೆ. ಅವೇ ನೀರಿಗೆ ಹಸಿರು, ಮೀನಿಗೆ ಮೇವು. ಕಡಲಂಚಿನಲ್ಲೂ ಅವು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗಿ ನೀರಿನ ಬಣ್ಣವನ್ನೇ ಬದಲಿಸುತ್ತವಂತೆ. ಪಾಂಡವಪುರದಲ್ಲಿ ಹಳಗನ್ನಡ ಪಾಠ ಹೇಳುತ್ತಿದ್ದ ನನಗಾದರೋ ಹಸಿರು ನೀರೆಂದರೆ ಸರೋವರ ವರ್ಣನೆ. ಅದರೊಳಗೆ ಯಾರೋ ಉಸಿರಾಡಬೇಕೆಂಬುದು ಹೊಳೆದಿರಲಿಲ್ಲ.

ಆಷಾಢ ಬಂತು. ದಿನಗಟ್ಟಲೆ ಮೋಡ. ನಾನು ಅಕ್ಕನ ಮನೆಗೆ ಹೋಗಿದ್ದಾಗ ಒಂದು ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

“ನೋಡ್ಲಾ ಮೇಷ್ಟ್ರೆ, ಎಂಗೆ ಬಾಯ್ ಬುಡ್ತಾವೆ! ಒಟ್ಟೆ ಅಸ್ಕೊಂಡವೆ ಕಣ್ಲಾ,” ಎಂದರು ಭಾವ.

“ನೀವೂ ಉಣ್ಣಕ್ ಕೂತ್ರೆ ಇಂಗೇಯ,” ಎಂದು ಅಕ್ಕ ನಕ್ಕಳು.

ಭಾವ ಖುಷಿಯಿಂದ ಇನ್ನಷ್ಟು ಸಗಣಿ, ಅದರ ಮೇಲೆ ತೌಡು ಸುರಿದರು. ಬಿಸಿಲಿಲ್ಲದ ದಿನಗಳಲ್ಲಿ ಆ ಹಸಿರೇ ನೀರಿನ ಉಸಿರನ್ನು, ಅಂದರೆ ಅದರಲ್ಲಿ ಕರಗಿದ ಆಮ್ಲಜನಕವನ್ನು, ಹೀರುತ್ತದೆ, ಕೊಳೆಯುವ ಸಗಣಿ ಉಳಿದದ್ದನ್ನೂ ಬಿಡುವುದಿಲ್ಲ, ಮೀನು ಬಾಯಿ ತೆರೆದದ್ದು ಮೇವಿಗಲ್ಲ, ಗಾಳಿಗೆ ಎಂಬುದು ನಮಗೆ ತಿಳಿದದ್ದು ಆಮೇಲೆ.

ಮಾರನೆಯ ಬೆಳಗ್ಗೆ ನೀರಿನ ತುಂಬ ಬಿಳಿ ಹೊಟ್ಟೆಗಳು. ವರ್ಷವಿಡೀ ಹಂಗಿಸಿದ್ದ ಭಾವನ ತಮ್ಮ ಅವತ್ತು ಮೆಲ್ಲಗೆ ಕೇಳಿದ: “ಮುಚ್ಬುಡಾನಾ, ಅಣ್ಣೋ?”

ಭಾವ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

ಇಲ್ಲಿಯೇ ನನಗೆ ನನ್ನ ಮೇಲೆ ಗುಮಾನಿ. ಮೀನಿನ ಬಾಯನ್ನು ಭಾವನ ಮುಖಕ್ಕೆ ಅಂಟಿಸಿದ್ದು ನನ್ನ ನೆನಪಿನ ಕುಸುರಿ ಕೆಲಸವೇ? ಹೊಂಡ ಮುಚ್ಚಿತು, ಮತ್ತೆ ಕಬ್ಬು ಬಂತು. ಭಾವ ಈಗಿಲ್ಲ. ಅಕ್ಕನನ್ನು ಕೇಳಿದರೆ, “ಅವತ್ತು ಅವ್ರು ಮನೆಯಿಂದ ಈಚ್ಗೇ ಬರ್ನಿಲ್ಲ ಕಣ್ಲಾ,” ಎನ್ನುತ್ತಾಳೆ.

ತೊಟ್ಟಿಯ ನೀರಂತೂ ಇಂದು ಹಸಿರೇ ಇದೆ. ಉಜ್ಜಲು ಬಂದವನು ನೋಡುತ್ತ ನಿಂತಿದ್ದೇನೆ. ಅವತ್ತು ಭಾವ ಬಂದಿದ್ದರೋ ಇಲ್ಲವೋ, ಬಂದಿದ್ದರೆ ತಮ್ಮನಿಗೆ ‘ಬ್ಯಾಡ’ ಎನ್ನಲು ಬಾಯಿ ತೆರೆದರೋ ‘ಊಂ’ ಎನ್ನಲೋ, ನನಗೆ ಗೊತ್ತಿಲ್ಲ.