ಶಿಬಿರದ ಊಟ ನಿಲ್ಲುವ ಹೊತ್ತು

ಗಜೇಂದ್ರಗಡದ ನಮ್ಮ ಓಣಿಯ ಗುಡಿಯ ಟ್ರಸ್ಟು ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಹತ್ತು ದಿನದ ಶಿಬಿರ ನಡೆಸುತ್ತದೆ. ವಚನ, ಭಜನೆ, ಆಟ, ಮಧ್ಯಾಹ್ನದ ಊಟ, ಎಲ್ಲ ಪುಕ್ಕಟೆ. ನೇಕಾರರ ಮಕ್ಕಳ ಜೊತೆ ಹಳ್ಳಿಯ ಕೂಲಿಯವರ ಮಕ್ಕಳೂ ಬರುತ್ತಾರೆ. ಸೀರೆ ನೇಯುವ ಮನೆಯವಳಾದ ನಾನು ಖಜಾಂಚಿಯಾದದ್ದು, ಬೇರೆ ಯಾರೂ ಒಪ್ಪದ್ದರಿಂದ.

ಆ ವರ್ಷ ಊಟದ ಖರ್ಚನ್ನು ರೋಣದ ಒಬ್ಬ ವ್ಯಾಪಾರಿ ಒಪ್ಪಿಕೊಂಡಿದ್ದರು. ಅವರ ಮಾತು ನಂಬಿ ಅರವತ್ತು ಮಕ್ಕಳನ್ನು ಸೇರಿಸಿಕೊಂಡಿದ್ದೆ. ಮೂರನೆಯ ದಿನ ಬೆಳಿಗ್ಗೆ ಅವರ ಫೋನು ಬಂತು.

"ಅಕ್ಕಾರ, ಈ ಸಲ ನನ್ನ ಕಡಿಂದ ಆಗೂದಿಲ್ರಿ. ಅಣ್ತಮ್ಮರು ಬ್ಯಾರೆ ಆಗೇವಿ. ತಪ್ಪು ತಿಳೀಬ್ಯಾಡ್ರಿ."

ಖಾತೆಯಲ್ಲಿದ್ದ ಹಣ ಇನ್ನೆರಡು ದಿನದ ಊಟಕ್ಕಷ್ಟೇ ಸಾಲುತ್ತಿತ್ತು. ಮಗ್ಗದ ಮುಂದೆ ಕುಳಿತರೆ ಕೈ ಓಡಲಿಲ್ಲ, ಎಳೆ ಮತ್ತೆ ಮತ್ತೆ ಹರಿಯಿತು. ಟ್ರಸ್ಟಿನ ಅಧ್ಯಕ್ಷರಾಗಿದ್ದ ನಿವೃತ್ತ ಮಾಸ್ತರರ ಮನೆಗೆ ಹೋದೆ.

"ಐನೂರು ರೂಪಾಯಿ ಫೀ ಇಡ್ರಿ. ಕೊಡಲಾರದವ್ರನ್ನ ಮನಿಗೆ ಕಳಸ್ರಿ" ಎಂದರು.

ಮಧ್ಯಾಹ್ನ ಪಂಕ್ತಿಯಲ್ಲಿ ಬಡಿಸುತ್ತಾ ಯಾರು ಕೊಟ್ಟಾರು, ಯಾರು ಕೊಡಲಾರರು ಎಂದು ಮಕ್ಕಳ ಮುಖ ನೋಡತೊಡಗಿದೆ. ಅಂಗಿಯ ಹೊಲಿಗೆ, ಕಾಲಿನ ಚಪ್ಪಲಿ ಎಲ್ಲ ಕಣ್ಣಿಗೆ ಬಿದ್ದವು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಲಕ್ಕಲಕಟ್ಟಿ ಹಳ್ಳಿಯಿಂದ ಬಂದಿದ್ದ ಒಬ್ಬಾಕೆ, ಹೊಲದ ಕೂಲಿಗೆ ಹೋಗುವವಳು, ಎದ್ದಳು.

"ರೊಕ್ಕ ನಮ್ಮಂತ್ಯಾಕ ಇಲ್ರಿ ಅಕ್ಕಾರ. ರೊಟ್ಟಿ ಕಟ್ಟಿ ಕಳಸ್ತೀವಿ. ಪಲ್ಯಾ ನೀವು ಮಾಡ್ತೀರೇನ್ರಿ?"

"ಮಾಡ್ತೀನಿ" ಎಂದೆ. ಹೇಗೆ ಎಂದು ಗೊತ್ತಿರಲಿಲ್ಲ.

ಮರುದಿನದಿಂದ ಮಕ್ಕಳು ಬುತ್ತಿ ತಂದರು. ನನ್ನ ನಾದಿನಿ ಮತ್ತು ನಾನು ಇದ್ದ ದುಡ್ಡಿನಲ್ಲಿ ದಿನವೂ ಒಂದೇ ಪಲ್ಯ ಮಾಡಿದೆವು. ರೊಟ್ಟಿ ಕೆಲವು ದಿನ ಉಳಿಯಿತು, ಒಂದು ದಿನ ಸಾಲಲಿಲ್ಲ. ನಮ್ಮ ಓಣಿಯ ಎಂಟು ಮಕ್ಕಳನ್ನು ಮನೆಯವರು ಬಿಡಿಸಿಕೊಂಡರು. "ಪುಕ್ಕಟೆ ಅಂತ ಕರದು, ಈಗ ಬುತ್ತಿ ತರ್ರಿ ಅಂದ್ರ ಹ್ಯಾಂಗ?" ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ಕೇಳಿದಳು.

ಒಂಬತ್ತನೆಯ ದಿನ ದುಡ್ಡು ಮುಗಿಯಿತು. ಅಂದೇ ಶಿಬಿರ ಮುಗಿಸಿದೆವು. ಉಳಿದ ಐವತ್ತೆರಡು ಮಕ್ಕಳೂ ಅಲ್ಲಿದ್ದರು. ಮಕ್ಕಳನ್ನು ಬಿಡಿಸಿಕೊಂಡು ಹೋದ ತಾಯಂದಿರಲ್ಲಿ ಇಬ್ಬರು ಈಗಲೂ ನಾನು ಎದುರಾದರೆ ಮುಖ ತಿರುಗಿಸುತ್ತಾರೆ.