ನಾಳೆ ಬರ್ರಿ

ದಾವಣಗೆರೆಯ ನಮ್ಮ ಓಣಿಗೆ ದಿನವೂ ಸಂಜೆ ಪಿಗ್ಮಿ ಸಂಗ್ರಹಿಸುವವರೊಬ್ಬರು ಬರುತ್ತಿದ್ದರು. ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ಹೆಗಲ ಚೀಲವನ್ನು ಎದೆಗವಚಿಕೊಂಡು, "ದಿನಾ ಇಪ್ಪತ್ ರೂಪಾಯಿ ಕಟ್ರಿ ಸರ್, ಉಳಿಸಿದ್ದು ಗೊತ್ತೇ ಆಗಲ್ಲ" ಎನ್ನುತ್ತಿದ್ದರು. ನಾನು ಪೇಪರಿನಿಂದ ತಲೆಯೆತ್ತದೆ "ನಾಳೆ ಬರ್ರಿ" ಎನ್ನುತ್ತಿದ್ದೆ.

"ಆತ್ರಿ, ನಾಳೆ ಬರ್ತೀನ್ರಿ."

ಎರಡು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ನನ್ನ ಬ್ಯಾಂಕು, ಖಾತೆಯಲ್ಲಿ ಹಣ ಕಡಿಮೆಯಿದೆಯೆಂದು ಹೊಸ ಶುಲ್ಕ ಹಾಕಿ, ಇದ್ದದ್ದನ್ನೂ ಕಡಿಮೆ ಮಾಡಿತು. ಸಿಟ್ಟಿನಿಂದ ಖಾತೆ ಮುಚ್ಚಿಸಿದೆ. ಊರೆಲ್ಲ ವಿಚಾರಿಸಿ, ಬಸ್ಸು ಹತ್ತಿ ಹರಿಹರದ ಒಂದು ಸೊಸೈಟಿಗೆ ಹೋದೆ. ಮಹಾ ಹಣಕಾಸು ಪಂಡಿತನಂತೆ ಬಡ್ಡಿ, ಶುಲ್ಕ ಎಲ್ಲ ಕೆದಕಿ ಕೇಳಿ, ಕೊನೆಗೆ ಪಿಗ್ಮಿ ಖಾತೆ ತೆರೆದೆ. ವಿಳಾಸ ನೋಡಿದ ಗುಮಾಸ್ತರು, "ಇಲ್ಲಿಗಂಟ ಯಾಕ ಬಂದ್ರಿ? ನಿಮ್ಮ ಓಣಿಗೆ ನಮ್ಮೋರು ದಿನಾ ಬರ್ತಾರಲ್ರಿ!" ಎಂದರು.

ಮರುದಿನ ಸಂಜೆ ಅವರೇ ಬಂದರು. ಚೀಲದಿಂದ ನನ್ನ ಹೆಸರಿನ ಹೊಸ ಪಾಸ್‌ಬುಕ್ ತೆಗೆದರು; ನಗಲಿಲ್ಲ. ನಾನು ನೋಟು ಚಾಚಿದೆ. ಕೈಯೇನೋ ಕೊಡುತ್ತಿತ್ತು, ಬಾಯಿ ಮಾತ್ರ ರೂಢಿಯಂತೆ "ನಾಳೆ ಬರ್ರಿ" ಎಂದುಬಿಟ್ಟಿತು.

ಅವರು ನೋಟನ್ನು ಚೀಲಕ್ಕೆ ಹಾಕಿಕೊಂಡು, "ನಾಳೆನೂ ಬರ್ತೀನ್ರಿ" ಎಂದರು.