ಹದಿನೆಂಟು ತೂತು ಮತ್ತು ಕಡ್ಡಿ ಅಕ್ಕ

ಬೆಳಗಿನ ಐದೂಮುಕ್ಕಾಲು. ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪಿನ ಜಿಗುಟಿದೆ. ತಗಡಿನ ಶೆಡ್ಡಿನೊಳಗೆ ಹಳದಿ ಬಣ್ಣದ ಶಾಲಾ ವ್ಯಾನೊಂದು ನಿಂತಿದೆ. ಅದರಡಿಯ ಗುಂಡಿಯಿಂದ ಸುತ್ತಿಗೆಯ ಸದ್ದು: ಟಕ್, ಟಕ್, ಟಕ್. ಆಮೇಲೆ ಒಂದು ‘ದಪ್’. ಸದ್ದು ಅಲ್ಲಿಗೇ ನಿಲ್ಲುತ್ತದೆ. ಗುಂಡಿಯೊಳಗಿನಿಂದ ಕೈಯೊಂದು ಮೇಲೆ ಬಂದು, ನೆಲದ ಮೇಲಿದ್ದ ಸೀಮೆಸುಣ್ಣ ತಡವಿ ತೆಗೆದುಕೊಂಡು ಮತ್ತೆ ಮರೆಯಾಗುತ್ತದೆ.

ಆ ಕೈಯ ಒಡತಿಗೆ ಐವತ್ತೆರಡು ವರ್ಷ. ವಾಹನಗಳ ಅಡಿಯ ತುಕ್ಕು ಕೆರೆದು, ತೊಳೆದು, ಒಣಗಿಸಿ, ಕಪ್ಪು ಲೇಪ ಬಳಿಯುವುದು ಅವರ ಕೆಲಸ. ಸುತ್ತಿಗೆ ‘ಟಕ್’ ಎಂದರೆ ಉಕ್ಕು ಗಟ್ಟಿ, ‘ದಪ್’ ಎಂದರೆ ಒಳಗೇ ತುಕ್ಕು ತಿಂದಿದೆ. ತುರುಬಿಗೆ ಸದಾ ಒಂದು ಸೈಕಲ್ ಕಡ್ಡಿ ಸಿಕ್ಕಿಸಿಕೊಂಡಿರುತ್ತಾರೆ. ಅದಕ್ಕೇ ಬೀದಿಯವರ ಬಾಯಲ್ಲಿ ಅವರು ‘ಕಡ್ಡಿ ಅಕ್ಕ’. “ಕೈಯಲ್ಲಿ ಹಿಡ್ಕೊಂಡ್ರೆ ಎಲ್ಲಾದ್ರೂ ಇಟ್ಟು ಮರೀತೀನಿ. ತಲೆ ಮಾತ್ರ ಇನ್ನೂ ಎಲ್ಲೂ ಮರೆತು ಬಂದಿಲ್ಲ” ಎನ್ನುತ್ತಾರೆ.

ದಿನಕ್ಕೆ ಮೂರು ಗಾಡಿ, ಮಳೆಗಾಲದ ಮುಂಚೆ ಐದು. ಒಂದೊಂದರ ಅಡಿಯಲ್ಲೂ ಕತ್ತು ಹಿಂದಕ್ಕೆ ಮುರಿದುಕೊಂಡು ಎರಡು ತಾಸು. ಕಣ್ಣಿಗೆ ಬಿದ್ದ ತುಕ್ಕಿನ ಚೂರನ್ನು ಎರಡು ಸಲ ಆಸ್ಪತ್ರೆಯಲ್ಲಿ ತೆಗೆಸಿದ್ದಾರೆ. ಸಂಜೆಯಾದರೆ ಎಡಗಣ್ಣು ಮಸುಕು. ಇದು ಅವರ ಗಂಡನ ಕಸುಬು. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಸುತ್ತಿಗೆ, ಬ್ರಷ್ಷು, ಗುಂಡಿ ಎಲ್ಲ ಇವರ ಪಾಲಿಗೆ ಬಂದವು. ಗಿರಾಕಿಗಳು ಮಾತ್ರ ಬರಲಿಲ್ಲ.

ಒಂದೇ ವರ್ಷ ಕೊಂಡ, ಒಂದೇ ಕಂಪನಿಯ ಎರಡು ಕಾರುಗಳಲ್ಲಿ ಒಂದು ಗಟ್ಟಿಯಾಗಿದ್ದು ಇನ್ನೊಂದು ಹಪ್ಪಳವಾಗುವುದೇಕೆ ಎಂದು ಜನ ಅವರನ್ನು ಕೇಳುತ್ತಲೇ ಇರುತ್ತಾರೆ. ಕಡ್ಡಿ ಅಕ್ಕನ ಪ್ರಕಾರ, ಬೀದಿಯಲ್ಲಿ ಗಾಳಿಗೆ ನಿಂತ ಕಾರು ನೆಂದರೂ ಒಣಗುತ್ತದೆ. ಮುದ್ದು ಮಾಡಿ ಸಾಕಿದ ಕಾರೇ ಬೇಗ ಹಾಳಾಗುವುದು: ಮಳೆಯಲ್ಲಿ ನೆನೆದು ಬಂದದ್ದನ್ನು ಹಾಗೇ ಹೊದಿಕೆ ಮುಚ್ಚಿ, ಗಾಳಿಯಾಡದ ಶೆಡ್ಡಿನಲ್ಲಿ ಬಾಗಿಲು ಹಾಕಿ ಇಟ್ಟಿರುತ್ತಾರೆ. ಕಾಲಡಿಯ ಮ್ಯಾಟಿನ ಕೆಳಗೆ ನೀರು, ಚಕ್ರದ ಮೇಲಿನ ಸಂದಿಯಲ್ಲಿ ಉಪ್ಪು ಹೀರಿದ ಕೆಸರು. “ಮೇಲೆ ಕನ್ನಡಿ ಥರ ಹೊಳೆಸ್ತಾರೆ. ಕೆಳಗೆ ಬಗ್ಗಿ ನೋಡೋಕೆ ಸೊಂಟ ನೋವು. ವಾರಕ್ಕೊಂದ್ಸಲ ಅಡಿಗೆ ಸಿಹಿನೀರು ಹೊಡೀರಿ, ಬಾಗಿಲು ತೆಗೆದು ಒಣಗಿಸಿ, ತೂತು ಚುಚ್ಚಿ. ಇಷ್ಟು ಮಾಡಿದ್ರೆ ನನ್ನ ಹತ್ರ ಬರೋದೇ ಬೇಡ.”

ತೂತು ಎಂದರೆ ಬಾಗಿಲುಗಳ ತಳದಲ್ಲೂ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪಟ್ಟಿಯಲ್ಲೂ ಇರುವ ಸಣ್ಣ ರಂಧ್ರಗಳು. ಒಳಗೆ ಸೇರಿದ ನೀರು ಅಲ್ಲಿಂದಲೇ ಇಳಿದುಹೋಗಬೇಕು. ತುರುಬಿನ ಕಡ್ಡಿ ಇರುವುದು ಅವುಗಳ ಕೆಸರು ಬಿಡಿಸಲಿಕ್ಕೆ. ಈ ವ್ಯಾನಿನಲ್ಲಿ ಅಂಥ ತೂತುಗಳು ಹದಿನೆಂಟು. ಆ ಲೆಕ್ಕ ಅವರಿಗೆ ಗೊತ್ತಾದದ್ದು ತಡವಾಗಿ.

ವ್ಯಾನು ಮೈದುನನದು. ಹೆಂಗಸಿನ ಕೈಗೆ ಗಾಡಿ ಕೊಡಲು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದಾಗ, ಎಂಟು ವರ್ಷದ ಹಿಂದೆ, ಹೊಸ ವ್ಯಾನನ್ನು ತಂದು ಈ ಗುಂಡಿಯ ಮೇಲೆ ನಿಲ್ಲಿಸಿದ್ದು ಅವನೇ. ಅತ್ತಿಗೆಯ ಮೊದಲ ಗಾಡಿ. “ನಮ್ಮನೆ ಗಾಡಿ ಅಂತ ಎರಡು ಕೋಟು ಜಾಸ್ತಿನೇ ಬಳಿದೆ. ಒಂದು ಸಂದಿ ಬಿಡಲಿಲ್ಲ. ಹದಿನೆಂಟು ತೂತೂ ಮುಚ್ಚಿಹೋಯ್ತು.” ಹೊರಗೆ ಕಪ್ಪಗೆ ಮಿರುಗುತ್ತಿದ್ದ ಲೇಪದ ಹಿಂದೆ, ಪ್ರತಿ ಮಳೆಗಾಲವೂ ಒಳಗೆ ನಿಂತ ನೀರು ಪಟ್ಟಿಯ ಉಕ್ಕನ್ನೂ ವ್ಯಾನಿನ ನೆಲವನ್ನೂ ತಿನ್ನುತ್ತಾ ಹೋಯಿತು.

ಎರಡು ತಿಂಗಳ ಹಿಂದೆ, ವಾಹನ ತಪಾಸಣೆಯ ಮುಂಚೆ ಒಂದು ಕೈ ಬಣ್ಣ ಹೊಡೆಸಲು ಮೈದುನ ಬಂದ. ಕಡ್ಡಿ ಪಟ್ಟಿಯೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಕಡ್ಡಿ ಅಕ್ಕ ಏಳು ಕಡೆ ಸೀಮೆಸುಣ್ಣದ ಗೆರೆ ಸುತ್ತಿದರು. ಗೆರೆ ಹಾಕಿದ ಜಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ತನಕ ಅವರು ಬ್ರಷ್ ಮುಟ್ಟುವುದಿಲ್ಲ. ಅಷ್ಟು ದಿನ ಗಾಡಿ ನಿಲ್ಲಿಸಿದರೆ ಮನೆ ನಡೆಯುವುದು ಹೇಗೆ ಎಂದ ಮೈದುನ, ತೋಳಿನಿಂದ ಗೆರೆ ಒರೆಸಿ, ಬೇರೆ ಕಡೆ ಬಣ್ಣ ಹೊಡೆಸಿ, ಪ್ರಮಾಣಪತ್ರವನ್ನೂ ತಂದುಕೊಂಡ. ದಿನಕ್ಕೆ ಹದಿನಾರು ಮಕ್ಕಳು ಆ ನೆಲದ ಮೇಲೆ ಕಾಲಿಟ್ಟು ಓಡಾಡಿದರು.

ಮೂರು ದಿನ ಕಡ್ಡಿ ಅಕ್ಕ ನೆಟ್ಟಗೆ ಉಣ್ಣಲಿಲ್ಲ. ನಾಲ್ಕನೆಯ ದಿನ, ಅಂದು ವ್ಯಾನಿನಿಂದ ಉದುರಿ ಗುಂಡಿಯಲ್ಲಿ ಬಿದ್ದಿದ್ದ ಪಟ್ಟಿಯ ತುಂಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಶಾಲೆಯ ಪೋಷಕರ ಸಭೆಗೆ ಹೋದರು. ದಾಖಲೆ ಸರಿಯಾಗಿದೆ ಎಂದರು ಶಾಲೆಯವರು. ಇವರು ತುಂಡನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ಒತ್ತಿದರು. ಅದು ಪುಡಿಯಾಯಿತು. ತೂತು ಮುಚ್ಚಿದ್ದು ತಾನೇ ಎಂಬುದನ್ನೂ ಅಲ್ಲೇ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ತಾಯಿಯೊಬ್ಬರು ಎದ್ದು, ಮಗಳ ಕೈ ಹಿಡಿದುಕೊಂಡು ಹೊರನಡೆದರು. ಮರುದಿನ ವ್ಯಾನು ಖಾಲಿ.

ಮೈದುನ ಈಗ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಾನೆ. ಅವನು ಅತ್ತಿಗೆಗೆ ಕೊನೆಯದಾಗಿ ಹೇಳಿದ್ದು ಒಂದೇ ಮಾತು: “ಗಾಡಿ ಕೊಂದವರೂ ನೀವೇ, ಊರಿಗೆಲ್ಲ ಹೇಳಿ ಬಂದವರೂ ನೀವೇ.” ಕಡ್ಡಿ ಅಕ್ಕ ಅದನ್ನು ಅಲ್ಲಗಳೆಯುವುದಿಲ್ಲ. ಓಡದೆ ನಿಂತ ವ್ಯಾನನ್ನು ಶೆಡ್ಡಿಗೆ ತರಿಸಿಕೊಂಡು, ದಿನದ ಗಿರಾಕಿಗಳು ಬರುವ ಮುಂಚೆ, ಐದರಿಂದ ಏಳರವರೆಗೆ, ಒಬ್ಬರೇ ಅದರ ಅಡಿ ಕೆರೆಯುತ್ತಾರೆ; ಕತ್ತರಿಸಿದ ಕಡೆ ವೆಲ್ಡರೊಬ್ಬರು ಹೊಸ ತಗಡು ಬೆಸೆಯುತ್ತಾರೆ.

ಈ ಬೆಳಗ್ಗೆ ಏಳಕ್ಕೆ ಐದು ನಿಮಿಷವಿರುವಾಗ ಮೈದುನ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಹೆಗಲ ಮೇಲೆ ಮೂಟೆಯ ಗುರುತಿದೆ. ಗುಂಡಿಯ ಕಡೆ ನೋಡದೆ, ಪಕ್ಕದಲ್ಲಿ ತಗಡು ಬೆಸೆಯುತ್ತಿರುವ ವೆಲ್ಡರನ್ನು ಕೇಳುತ್ತಾನೆ: “ಇನ್ನೆಷ್ಟು ದಿನ ಅಂತ ಕೇಳಣ್ಣ ಅವರನ್ನ.”

“ನಾನೇನು ನಿಮ್ಮನೆ ಟಪಾಲಿನವನಾ? ಅತ್ತಿಗೆ ಇಲ್ಲೇ ಇದಾರೆ, ಕೇಳಪ್ಪ.”

ಅವನು ಕೇಳುವುದಿಲ್ಲ. ಗುಂಡಿಯೊಳಗಿನಿಂದ ಉತ್ತರ ಬರುತ್ತದೆ, ಅದೂ ವೆಲ್ಡರಿಗೇ: “ಎಡಗಡೆ ಈಗಷ್ಟೇ ಇನ್ನೊಂದು ‘ದಪ್’ ಸಿಕ್ತು. ಹತ್ತು ದಿನ ಅಂತ ಹೇಳಣ್ಣ.”

ಮೈದುನ ಕಟ್ಟೆಯ ಮೇಲಿದ್ದ ಇನ್ನೊಂದು ಸುತ್ತಿಗೆ ಎತ್ತಿಕೊಳ್ಳುತ್ತಾನೆ. ಬಾಗಿಲು ತೆರೆದು, ಡ್ರೈವರ್ ಸೀಟಿನ ಮುಂದೆ ಹೊಸದಾಗಿ ಬೆಸೆದ ನೆಲದ ಮೇಲೆ ಮೂರು ಸಲ ತಟ್ಟುತ್ತಾನೆ. ಟಕ್, ಟಕ್, ಟಕ್. ಸುತ್ತಿಗೆಯನ್ನು ಇದ್ದಲ್ಲೇ ಇಟ್ಟು ಹೊರಟುಹೋಗುತ್ತಾನೆ.

ಗುಂಡಿಯಿಂದ ಮೇಲೆ ಬಂದ ಕಡ್ಡಿ ಅಕ್ಕ ರೆಪ್ಪೆಗೆ ಅಂಟಿದ ಕೆಂಪು ಪುಡಿಯನ್ನು ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತಾರೆ. ಕಡ್ಡಿ ಮತ್ತೆ ತುರುಬು ಸೇರುತ್ತದೆ.

“ಈ ಸಲ ಎಣಿಸಿ ಹದಿನೆಂಟೂ ತೆರೆದಿದೀನಿ. ಮಾತಾಡ್ಲಿ, ಬಿಡ್ಲಿ. ಗಾಡಿ ಓಡಿಸುವಾಗ ಅವನ ಕಾಲ ಕೆಳಗೆ ನೆಲ ಇರ್ಲಿ.”